ಮಹಾರಾಜ ಬಾಗ್: ಕೊಟ್ಟವರು ಯಾರು, ಕಳೆದುಕೊಂಡವರು ಯಾರು?



ಪ್ರತಿ ವಾರ ಮೈಕಿನ ಮುಂದೆ ಕೂತು ಮಾತಾಡುವ ನಾನು ಈ ಸಲ ಪೆನ್ನು ಹಿಡಿದಿದ್ದೇನೆ. ಕಾರಣ ಇಷ್ಟೇ, ನಾನೊಂದು ತಪ್ಪು ಮಾಡಿದೆ. ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಒಂದು ಭಾನುವಾರ ಎರಡು ಹಾಡುಗಳ ನಡುವೆ ನಾಗಪುರದ ಉದ್ಯಾನಗಳ ಬಗ್ಗೆ ಮಾತು ಬಂತು. ಆಗ ನಾನು ಮಹಾರಾಜ ಬಾಗ್ ಬಗ್ಗೆ ಹೇಳುತ್ತಾ, "ಇದು ಬ್ರಿಟಿಷರು ನಾಗಪುರದ ಜನತೆಗೆ ಕೊಟ್ಟ ಸುಂದರ ಕೊಡುಗೆ" ಅಂದುಬಿಟ್ಟೆ. ಮುಂದಿನ ಹಾಡು ಶುರುವಾಯಿತು. ಆ ಹಾಡು ಮುಗಿಯುವ ಮೊದಲೇ ಫೋನ್ ಬಂತು.

ಫೋನ್ ಮಾಡಿದವರು ನಮ್ಮ ಸದರ್‌ನಲ್ಲೇ ಇರುವ ಹಿರಿಯರು. ರೈಲ್ವೆ ನೌಕರಿಗೆ ಬಂದು, ನಿವೃತ್ತರಾಗಿ, ಇಲ್ಲೇ ಉಳಿದವರು. ನಾನು ಅವರನ್ನು ಅಜ್ಜಾರು ಅನ್ನುತ್ತೇನೆ. ಅವರ ಮಾತು ಇನ್ನೂ ಅಪ್ಪಟ ಬೈಲಹೊಂಗಲದ್ದು.

"ಅಲ್ರೀ, ಕೊಡುಗೆ ಅಂದ್ರಲ್ಲ, ಅದು ಯಾರ ಮನಿ ಆಸ್ತಿ ಅಂತ ಕೊಟ್ರು ಅವರು? ಹೆಸರಾಗ ಮಹಾರಾಜ ಅಂತ ಐತಿ. ಮಹಾರಾಜಂದು ಅವನ ಕೈಯಾಗಿಂದ ಹ್ಯಾಂಗ ಹೋತು, ಅದನ್ನ ಮೊದಲ ಹೇಳ್ರಿ. ಕಿತ್ತೂರ ಕಡೆಯವ್ರು ನಾವು. ಈ ಕಥಿ ನಮಗ ಗೊತ್ತೈತಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡ ಬಿ.ಎ. ಓದಿದವರಿಗೆ ನಾಗಪುರದ ಇತಿಹಾಸ ಎಲ್ಲಿಂದ ಬರಬೇಕು ಹೇಳಿ? ಆದರೆ ಆ ಪ್ರಶ್ನೆ ಬಿಡಲಿಲ್ಲ. ಒಂದು ವಾರ ಪುಸ್ತಕ ತಿರುವಿ ಹಾಕಿದೆ. ಮುಂದಿನ ಭಾನುವಾರ ಬೆಳಗ್ಗೆ, "ಬರ್ತೀರಾ ಅಜ್ಜಾರ, ಮಹಾರಾಜ ಬಾಗಿಗೆ ಹೋಗಿ ಬರೋಣ" ಅಂತ ಕರೆದೆ. ಕೈಯಲ್ಲಿ ಕೊಡೆ ಹಿಡಿದು ಅವರು ಆಗಲೇ ಗೇಟಿನ ಹತ್ತಿರ ನಿಂತಿದ್ದರು.

ರೆಸಿಡೆನ್ಸಿ ರೋಡಿನಿಂದ ಶುರು

ಸದರ್‌ನ ಮುಖ್ಯ ರಸ್ತೆಯ ಹೆಸರು ನಿಮಗೆಲ್ಲ ಗೊತ್ತು, ರೆಸಿಡೆನ್ಸಿ ರೋಡ್. ಬೆಂಗಳೂರಿನಿಂದ ಬಂದವರಿಗೆ ಈ ಹೆಸರು ಕೇಳಿದರೆ ಊರಿನ ನೆನಪಾಗುತ್ತದೆ, ಅಲ್ಲೂ ಒಂದು ರೆಸಿಡೆನ್ಸಿ ರೋಡ್ ಇದೆಯಲ್ಲ. ಎರಡೂ ಕಡೆ ಅರ್ಥ ಒಂದೇ. ಈಸ್ಟ್ ಇಂಡಿಯಾ ಕಂಪನಿ ದೇಶೀಯ ರಾಜರ ಆಸ್ಥಾನಗಳಲ್ಲಿ ತನ್ನದೊಬ್ಬ ಪ್ರತಿನಿಧಿಯನ್ನು ಇಡುತ್ತಿತ್ತು. ಅವನೇ ರೆಸಿಡೆಂಟ್. ಬರುವಾಗ ಅತಿಥಿ, ಆಮೇಲೆ ಸಲಹೆಗಾರ, ಕೊನೆಗೆ ಯಜಮಾನ. ನಾಗಪುರದಲ್ಲಿ 1807ರಿಂದ 1827ರವರೆಗೆ ಈ ಹುದ್ದೆಯಲ್ಲಿದ್ದ ರಿಚರ್ಡ್ ಜೆಂಕಿನ್ಸ್ ಈ ಮೂರೂ ಪಾತ್ರಗಳನ್ನು ಒಬ್ಬನೇ ಮಾಡಿ ಮುಗಿಸಿದ.

ಸದರ್ ದಾಟಿ ಸಿವಿಲ್ ಲೈನ್ಸ್ ಕಡೆ ತಿರುಗಿದರೆ ಮಧ್ಯೆ ಸಿಗುವುದು ನಾಗಪುರದ ವಸ್ತುಸಂಗ್ರಹಾಲಯ. ಜನರ ಬಾಯಲ್ಲಿ ಅದು ಅಜಬ್ ಬಂಗ್ಲಾ. 1863ರಲ್ಲಿ ಶುರುವಾದದ್ದು. ನಾವು ಹೋದಾಗ ಇನ್ನೂ ಬಾಗಿಲು ತೆರೆದಿರಲಿಲ್ಲ. ಆದರೂ ಗೇಟಿನ ಹತ್ತಿರ ಎರಡು ನಿಮಿಷ ನಿಲ್ಲಿಸಿ ಅಜ್ಜಾರಿಗೆ ಒಂದು ವಿಷಯ ಹೇಳಿದೆ. ನಿಮಗೂ ಹೇಳಬೇಕು.

ಈ ಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲಿನ ಶಾಸನವಿದೆ. ಇತಿಹಾಸಕಾರರು ಅದನ್ನು ಸೀತಾಬರ್ಡಿ ಶಾಸನ ಅನ್ನುತ್ತಾರೆ. ಶಕ ವರ್ಷ 1008, ಅಂದರೆ ಕ್ರಿ.ಶ. 1087ರದು. ಭಾಷೆ ಕನ್ನಡವಲ್ಲ, ಸಂಸ್ಕೃತ. ಆದರೆ ಅದರಲ್ಲಿ ಹೆಸರಿರುವ ದೊರೆ ನಮ್ಮವನು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಅವನ ಕೆಳಗೆ ಧಾಡಿಭಂಡಕ ಎಂಬ ಸಾಮಂತ, ಲತ್ತಲೂರಿನಿಂದ ಬಂದ ರಾಷ್ಟ್ರಕೂಟ ವಂಶದವನು. ಈ ಸಾಮಂತನ ಆಶ್ರಿತನೊಬ್ಬ ಮಾಡಿದ ದಾನ ಆ ಕಲ್ಲಿನಲ್ಲಿ ದಾಖಲಾಗಿದೆ. ಏನು ದಾನ ಗೊತ್ತೇ? ದನ ಮೇಯಲು ಹುಲ್ಲುಗಾವಲು.

"ಗೋಮಾಳ ಅನ್ರಿ ಹಂಗಾರ" ಅಂದರು ಅಜ್ಜಾರು. ಹೌದು, ಗೋಮಾಳವೇ. ಬಸವಕಲ್ಯಾಣದಲ್ಲಿ ಕೂತು ಆಳಿದ ದೊರೆಯ ಹೆಸರು ನಾಗಪುರದ ಕಲ್ಲಿನ ಮೇಲೆ ಇದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಹುಲ್ಲುಗಾವಲಿನ ವಿಷಯ ತಿಳಿದು ಇನ್ನೂ ಖುಷಿಯಾಯಿತು. ಈ ವಿಕ್ರಮಾದಿತ್ಯನನ್ನು ನೆನಪಿಡಿ, ಮತ್ತೆ ಅವನ ಹತ್ತಿರ ಬರಬೇಕಾಗುತ್ತದೆ.

ಭೋಸಲೆಯವರ ತೋಟಗಳು

ಅಲ್ಲಿಂದ ವಿಧಾನ ಭವನ, ಆಕಾಶವಾಣಿ ಚೌಕ ದಾಟಿದರೆ ಮಹಾರಾಜ ಬಾಗ್. ಭಾನುವಾರ ಬೆಳಗ್ಗೆ ಅಂದಮೇಲೆ ಕೇಳಬೇಕೇ? ವಾಕಿಂಗ್ ಬಂದ ಹಿರಿಯರು, ಟಿಕೆಟ್ ಕಿಟಕಿಯ ಮುಂದೆ ಮಕ್ಕಳನ್ನು ಹಿಡಿದುಕೊಂಡು ನಿಂತ ಅಪ್ಪಂದಿರು, ಹೊರಗೆ ಬಲೂನು ಮಾರುವವರು. ಒಳಗೆ ದೊಡ್ಡ ದೊಡ್ಡ ಮರಗಳು. ನಾಗಪುರದ ಬಿಸಿಲಿಗೆ ಈ ನೆರಳಿನ ಬೆಲೆ ಎಷ್ಟೆಂದು ಮೇ ತಿಂಗಳಲ್ಲಿ ಇಲ್ಲಿದ್ದವರಿಗೇ ಗೊತ್ತು. ಅದಕ್ಕೇ ಭೋಸಲೆ ಅರಸರು ಊರ ಸುತ್ತ ಕೆರೆ, ತೋಟಗಳನ್ನು ಮಾಡಿಸಿದ್ದು.

ಈ ಭೋಸಲೆಯವರು ಯಾರು? ನಾಗಪುರವನ್ನು ನೆಲೆಗೊಳಿಸಿದವನು ಗೊಂಡ ದೊರೆ ಬಖ್ತ್ ಬುಲಂದ್. ಹದಿನೆಂಟನೆಯ ಶತಮಾನದ ನಡುವೆ ಗೊಂಡ ಮನೆತನದ ಒಳಜಗಳದಲ್ಲಿ ಮಧ್ಯಸ್ಥಿಕೆಗೆ ಬಂದ ಮರಾಠಾ ಸೇನಾನಿ ಒಂದನೆಯ ರಘೂಜಿ ಭೋಸಲೆ ತಾನೇ ಒಡೆಯನಾದ. ನಾಗಪುರ ಅವನ ರಾಜಧಾನಿಯಾಯಿತು. ಅಂದರೆ ಈ ನೆಲ ಭೋಸಲೆಯವರಿಗೂ ಒಬ್ಬರಿಂದ ಕೈಬದಲಾಗಿ ಬಂದದ್ದೇ. ಅದನ್ನೂ ಮರೆಯಬಾರದು.

ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಗ್ರಾಂಟ್ 1870ರಲ್ಲಿ ಹೊರತಂದ ಮಧ್ಯಪ್ರಾಂತ್ಯದ ಗೆಜೆಟಿಯರ್‌ನಲ್ಲಿ ನಾಗಪುರದ ಮುಖ್ಯ ತೋಟಗಳ ಪಟ್ಟಿ ಇದೆ. ಸೀತಾಬರ್ಡಿಯ ಮಹಾರಾಜ ಬಾಗ್, ಊರೊಳಗಿನ ತುಳಸಿ ಬಾಗ್, ಹೊರವಲಯದ ಸಕ್ಕರ್‌ದರಾ, ಸೋನೆಗಾಂವ್, ತೆಲಂಖೇಡಿ ಇತ್ಯಾದಿ. ಎಲ್ಲವೂ ಮರಾಠಾ ಅರಸರ ಕಾಲದವು. ಅಂದರೆ ನಾನು ರೇಡಿಯೋದಲ್ಲಿ ಹೇಳಿದ ಮಾತು ಬ್ರಿಟಿಷರದೇ ಪುಸ್ತಕದ ಪ್ರಕಾರವೂ ತಪ್ಪು.

ಕಿತ್ತೂರಿನ ಕಥೆ, ನಾಗಪುರದಲ್ಲಿ

ಸರಿ, ಮಹಾರಾಜನ ಕೈಯಿಂದ ತೋಟ ಹೋದದ್ದು ಹೇಗೆ? ಒಂದು ಬೆಂಚು ಹುಡುಕಿ ಕೂತೆವು. ಅಜ್ಜಾರು ಫ್ಲಾಸ್ಕಿನಿಂದ ಚಹಾ ಸುರಿದರು. ನಾನು ಓದಿದ್ದನ್ನು ಹೇಳಿದೆ.

ಇಲ್ಲಿಂದ ಕೂಗಳತೆ ದೂರದ ಸೀತಾಬರ್ಡಿ ಗುಡ್ಡಗಳ ಮೇಲೆ 1817ರ ನವೆಂಬರ್ 26 ಮತ್ತು 27ರಂದು ಯುದ್ಧ ನಡೆಯಿತು. ಅಪ್ಪಾ ಸಾಹೇಬ ಭೋಸಲೆಯ ಸೈನ್ಯ ಕಂಪನಿಯ ಸಣ್ಣ ಪಡೆಯ ಎದುರು ಸೋತಿತು. ಮರುವರ್ಷ ಕಂಪನಿ ಅಪ್ಪಾ ಸಾಹೇಬನನ್ನು ಕೆಳಗಿಳಿಸಿತು. ಅವನ ಜಾಗಕ್ಕೆ ಯಾರು? ಹಿಂದಿನ ರಾಜ ಎರಡನೆಯ ರಘೂಜಿಯ ಮಗಳ ಮಗ, ಇನ್ನೂ ಚಿಕ್ಕ ಹುಡುಗ. ಆಗಲೇ ತೀರಿಹೋಗಿದ್ದ ರಾಜ ಪರಸೋಜಿಯ ವಿಧವೆ ಈ ಹುಡುಗನನ್ನು ದತ್ತು ತೆಗೆದುಕೊಂಡಳು. ಮೂರನೆಯ ರಘೂಜಿ ಎಂಬ ಹೆಸರಿನಲ್ಲಿ ಅವನು ಗಾದಿಗೆ ಬಂದ. ಈ ದತ್ತಕ್ಕೆ ಕಂಪನಿಯ ಪೂರ್ಣ ಒಪ್ಪಿಗೆ ಇತ್ತು. ಹುಡುಗ ದೊಡ್ಡವನಾಗುವವರೆಗೆ ರಾಜ್ಯ ನಡೆಸಿದವನು ರೆಸಿಡೆಂಟ್ ಜೆಂಕಿನ್ಸ್.

ಈಗ ಮೂವತ್ತೈದು ವರ್ಷ ಮುಂದೆ ಬನ್ನಿ. 1853ರ ಡಿಸೆಂಬರ್ 11ರಂದು ಮೂರನೆಯ ರಘೂಜಿ ಗಂಡು ಸಂತಾನವಿಲ್ಲದೆ ತೀರಿಕೊಂಡ. ಬದುಕಿದ್ದಾಗ ಅವನು ಯಾರನ್ನೂ ದತ್ತು ತೆಗೆದುಕೊಂಡಿರಲಿಲ್ಲ. ಅರಮನೆಯ ಹೆಂಗಸರು ಬಂಧುಗಳ ಮನೆಯ ಹುಡುಗ ಯಶವಂತರಾವ್‌ನಿಂದ ಅಂತ್ಯಕ್ರಿಯೆ ಮಾಡಿಸಿದರು. ಅವನೇ ದತ್ತು ಮಗ ಎಂದರು. ಗಂಡ ಸತ್ತ ಮೇಲೆ ವಿಧವೆ ದತ್ತು ಮಾಡಿಕೊಳ್ಳುವುದು ಮರಾಠಿ ನಾಡಿನಲ್ಲಿ ಒಪ್ಪಿತವಾದ ಪದ್ಧತಿ. 1818ರಲ್ಲಿ ಕಂಪನಿಯೇ ಒಪ್ಪಿದ್ದು ಇದೇ ಪದ್ಧತಿಯನ್ನು.

ಆದರೆ ಈ ಸಲ ಗವರ್ನರ್ ಜನರಲ್ ಡಾಲ್‌ಹೌಸಿ ಒಪ್ಪಲಿಲ್ಲ. ಅವನ ವಾದವನ್ನೂ ಹೇಳಬೇಕು: ನಾಗಪುರವನ್ನು 1818ರಲ್ಲಿ ಗೆದ್ದವರು ನಾವು, ರಘೂಜಿಗೆ ಕೊಟ್ಟವರು ನಾವು, ಈಗ ವಾರಸುದಾರ ಇಲ್ಲ, ಆದ್ದರಿಂದ ರಾಜ್ಯ ನಮಗೇ ವಾಪಸು. ಅವನ ಸಭೆಯಲ್ಲೇ ಇದ್ದ ಕರ್ನಲ್ ಜಾನ್ ಲೋ ಇದು ಸರಿಯಲ್ಲ ಎಂದು ಬರೆದಿಟ್ಟ. ಅದು ಕಡತದಲ್ಲೇ ಉಳಿಯಿತು. 1854ರಲ್ಲಿ ನಾಗಪುರ ರಾಜ್ಯ ಕಂಪನಿಗೆ ಸೇರಿತು. ಒಂದು ಗುಂಡು ಹಾರಲಿಲ್ಲ.

"ಕಿತ್ತೂರಿನ್ಯಾಗೂ ಇದ ಆಗಿದ್ದು" ಅಂದರು ಅಜ್ಜಾರು. ನಿಜ. ಶಿವಲಿಂಗರುದ್ರಸರ್ಜ ತೀರಿಕೊಂಡದ್ದು 1824ರಲ್ಲಿ. ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದಳು, ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಕೊನೆಗೆ ಕಿತ್ತೂರು ಬಿತ್ತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ಕಣ್ಣುಮುಚ್ಚಿದಳು. ಡಾಲ್‌ಹೌಸಿಯ ಹೆಸರಿನೊಂದಿಗೆ ನಾವು ಶಾಲೆಯಲ್ಲಿ ಕಲಿತ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯ ರುಚಿಯನ್ನು ಕನ್ನಡ ನಾಡು ಅವನಿಗಿಂತ ಮೂವತ್ತು ವರ್ಷ ಮೊದಲೇ ನೋಡಿತ್ತು.

ನಾಗಪುರದಲ್ಲಿ ಚೆನ್ನಮ್ಮನ ಸ್ಥಾನದಲ್ಲಿದ್ದವಳು ಎರಡನೆಯ ರಘೂಜಿಯ ವಿಧವೆ ಬಂಕಾಬಾಯಿ. ಆಗವಳು ವಯಸ್ಸಾದ ಮುದುಕಿ, ಅರಮನೆಗೆಲ್ಲ ಹಿರಿಯಳು. ಅವಳು ಕತ್ತಿ ಹಿಡಿಯಲಿಲ್ಲ, ಅರ್ಜಿ ಬರೆಸಿದಳು. ಅರ್ಜಿಗೆ ಉತ್ತರ ಬರುವ ಮೊದಲೇ ಜಪ್ತಿ ನಡೆಯಿತು. ಅರಮನೆಯ ಆನೆ, ಕುದುರೆ, ಎತ್ತುಗಳನ್ನು ಇದೇ ಸೀತಾಬರ್ಡಿಯಲ್ಲಿ ಹರಾಜಿಗೆ ಹಾಕಿದರು. ಒಡವೆಗಳನ್ನು ಮಾರಾಟಕ್ಕೆಂದು ಕಲ್ಕತ್ತೆಗೆ ಸಾಗಿಸಿದರು. ಕೋಣೆಗಳ ಪೀಠೋಪಕರಣಗಳಿಗೂ ಕೈಹಾಕಿದಾಗ ಹಿರಿಯ ರಾಣಿ ಅರಮನೆಗೇ ಬೆಂಕಿ ಇಡುತ್ತೇನೆ ಅಂದಳಂತೆ. ಇದನ್ನೆಲ್ಲ ಬರೆದವನು ಬ್ರಿಟಿಷ್ ಇತಿಹಾಸಕಾರ ಜಾನ್ ಕೇ. 1857ರ ದಂಗೆಯ ಚರಿತ್ರೆ ಬರೆಯುವಾಗ, ಜನರ ಮನಸ್ಸು ಯಾಕೆ ಕೆಟ್ಟಿತ್ತು ಎಂದು ತೋರಿಸಲು ಅವನು ನಾಗಪುರದ ಈ ಹರಾಜನ್ನೂ ನೆನೆದ.

1857 ಕಳೆದ ಮೇಲೆ ಸರ್ಕಾರ ಆ ದತ್ತನ್ನು ಒಪ್ಪಿಕೊಂಡಿತು. ಹುಡುಗನಿಗೆ ರಾಜಾ ಬಹಾದ್ದೂರ್ ಎಂಬ ಬಿರುದು ಸಿಕ್ಕಿತು. ರಾಜ್ಯ ವಾಪಸು ಸಿಗಲಿಲ್ಲ. ಅಷ್ಟರಲ್ಲಿ ಬಂಕಾಬಾಯಿ ಬದುಕಿರಲಿಲ್ಲ.

ಕಲ್ಯಾಣದಿಂದ ಬಂದ ಕಾನೂನು

ಕೇಳುಗರೇ, ಇಲ್ಲಿ ಮತ್ತೆ ನಮ್ಮ ವಿಕ್ರಮಾದಿತ್ಯ ಬರುತ್ತಾನೆ.

ಕನ್ನಡ ತರಗತಿಯಲ್ಲಿ ನಾವು ಒಂದು ಸಾಲು ಓದಿರುತ್ತೇವೆ: ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಬಿಲ್ಹಣ ಇದ್ದ, ವಿಜ್ಞಾನೇಶ್ವರ ಇದ್ದ. ಪರೀಕ್ಷೆಗೆ ಅಷ್ಟು ಸಾಕಿತ್ತು. ವಿಜ್ಞಾನೇಶ್ವರ ಬರೆದದ್ದು 'ಮಿತಾಕ್ಷರ', ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆಸ್ತಿ ಯಾರಿಗೆ ಹೋಗಬೇಕು, ಮಗ ಅಂದರೆ ಯಾರು, ದತ್ತು ಮಗನ ಹಕ್ಕೇನು ಎಂಬುದೆಲ್ಲ ಅದರಲ್ಲಿದೆ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂಗಳ ವಾರಸಿಕೆ ನಡೆದದ್ದು ಮಿತಾಕ್ಷರದ ಆಧಾರದ ಮೇಲೆ. ನಾಗಪುರದಲ್ಲೂ ಅಷ್ಟೇ. ಕಲ್ಯಾಣದಲ್ಲಿ ಕೂತು ಬರೆದ ಪುಸ್ತಕ ಶತಮಾನಗಳ ಕಾಲ ದೇಶದ ಮನೆಮನೆಯ ಆಸ್ತಿ ಜಗಳ ಬಿಡಿಸಿತು.

ಇದನ್ನು ಇಂಗ್ಲಿಷಿಗೆ ತಂದವನು ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಎಂಬ ಸಂಸ್ಕೃತ ವಿದ್ವಾಂಸ. ಮಿತಾಕ್ಷರದ ವಾರಸಿಕೆಯ ಭಾಗದ ಅವನ ಅನುವಾದ 1810ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಕಂಪನಿಯ ನ್ಯಾಯಾಲಯಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ಈ ಕೋಲ್‌ಬ್ರೂಕ್ ಅದಕ್ಕೂ ಮೊದಲು, 1799ರಿಂದ 1801ರವರೆಗೆ, ಎಲ್ಲಿದ್ದ ಗೊತ್ತೇ? ನಾಗಪುರದಲ್ಲಿ, ಭೋಸಲೆ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿಯಾಗಿ!

ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಲ್ಯಾಣದ ಕಾನೂನನ್ನು ಇಂಗ್ಲಿಷರಿಗೆ ಓದಿಸಿದವನು ಈ ಊರಿನಲ್ಲೇ ಎರಡು ವರ್ಷ ಇದ್ದ. ಅವನ ಪುಸ್ತಕದಲ್ಲಿ ದತ್ತು ಮಗನೂ ಮಗನೇ ಎಂದು ಬರೆದಿದೆ. ಸಾಮಾನ್ಯ ಮನೆತನದ ಹೊಲ, ಮನೆ ವಿಷಯ ಬಂದಾಗ ಕಂಪನಿಯ ನ್ಯಾಯಾಧೀಶರು ಆ ಮಾತನ್ನು ಒಪ್ಪಿದರು. ರಾಜ್ಯದ ವಿಷಯ ಬಂದಾಗ ಕಂಪನಿ ಬೇರೆ ಅಳತೆಗೋಲು ತೆಗೆಯಿತು. ಪುಸ್ತಕ ಗೊತ್ತಿಲ್ಲದೆ ಆದ ತಪ್ಪಲ್ಲ ಇದು.

ಅಜ್ಜಾರು ಚಹಾದ ಲೋಟ ಕೆಳಗಿಟ್ಟು ಒಂದೇ ಮಾತು ಅಂದರು: "ಓದಿದವ್ರ ಹಂಗ ಮಾಡಿದ್ರು ಅನ್ರಿ."

ಆಮೇಲೆ ಜನರ ತೋಟವಾದದ್ದು

ಹಾಗಂತ ನಂತರ ಆದದ್ದೆಲ್ಲ ಕೆಟ್ಟದ್ದೇ ಎಂದು ಹೇಳಿದರೆ ಅದೂ ಸುಳ್ಳಾದೀತು. 1861ರಲ್ಲಿ ಮಧ್ಯಪ್ರಾಂತ್ಯ ರಚನೆಯಾಗಿ ನಾಗಪುರ ಅದರ ರಾಜಧಾನಿಯಾಯಿತು. ಸೀತಾಬರ್ಡಿ, ಸಿವಿಲ್ ಲೈನ್ಸ್ ಅಧಿಕಾರಿಗಳ ಬಡಾವಣೆಯಾಯಿತು. ಅರಸರ ತೋಟ ಅವರ ನಡುವೆ ಸರ್ಕಾರಿ ತೋಟವಾಗಿ ಉಳಿಯಿತು. 1894ರಲ್ಲಿ ಇಲ್ಲಿ ಮೃಗಾಲಯ ಶುರುವಾಯಿತು. ಪಕ್ಕದಲ್ಲೇ ಕೃಷಿ ಶಿಕ್ಷಣ ಬೆಳೆಯಿತು. 1906ರಲ್ಲಿ ನಾಗಪುರದ ಕೃಷಿ ಕಾಲೇಜು ಹುಟ್ಟಿತು. 1969ರಲ್ಲಿ ಅಕೋಲಾದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಾಲೇಜೂ ಮಹಾರಾಜ ಬಾಗೂ ಅದರ ಸುಪರ್ದಿಗೆ ಬಂದವು. ಈಗ ಅದರ ಹೆಸರು ಡಾ. ಪಂಜಾಬರಾವ್ ದೇಶಮುಖ್ ಕೃಷಿ ವಿದ್ಯಾಪೀಠ. ಊರಾಚೆ ಗೋರೆವಾಡಾದಲ್ಲಿ 2021ರ ಜನವರಿ 26ರಂದು ದೊಡ್ಡ ಸಫಾರಿ ತೆರೆದರೂ, ನಾಗಪುರದ ಮಕ್ಕಳು ಮೊದಲ ಹುಲಿ ನೋಡುವುದು ಇನ್ನೂ ಮಹಾರಾಜ ಬಾಗಿನಲ್ಲೇ.

ಅರಸರ ತೋಟ ಜನರ ತೋಟವಾಗುವುದಕ್ಕೆ ಒಂದೇ ದಾರಿ ಇಲ್ಲ. ನಮ್ಮ ಲಾಲ್‌ಬಾಗ್ ನೋಡಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅದು ಕೈಯಿಂದ ಕೈಗೆ ಹೋಗಿ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದು ಯುದ್ಧದ ದಾರಿ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಅರಮನೆಯ ಜಾಗದಲ್ಲಿ ಮೃಗಾಲಯ ಮಾಡಿಸಿದರು, ಮುಂದೆ ಅದನ್ನು ಜನರಿಗೆ ತೆರೆಯಲಾಯಿತು. ಅದು ಒಡೆಯನ ಇಷ್ಟದ ದಾರಿ. ಬ್ರಿಟನ್ನಿನ ವೇಲ್ಸ್‌ಗೆ ಹೋದರೆ ಕಾರ್ಡಿಫ್ ನಗರದ ನಡುವೆ ಬ್ಯೂಟ್ ಪಾರ್ಕ್ ಇದೆ. ಕಲ್ಲಿದ್ದಲು, ಬಂದರುಗಳಿಂದ ಸಿರಿವಂತವಾದ ಬ್ಯೂಟ್ ಮನೆತನದ ಎಸ್ಟೇಟ್ ಅದು. 1947ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಆ ಮನೆತನದ ಐದನೆಯ ಮಾರ್ಕ್ವೆಸ್ ಕೋಟೆಯನ್ನೂ ಸುತ್ತಲಿನ ಉದ್ಯಾನವನ್ನೂ ನಗರಕ್ಕೆ ದಾನ ಮಾಡಿದ. ಕೊಡುಗೆ ಎಂಬ ಮಾತು ಅಲ್ಲಿಗೆ ಸರಿ. ಕೊಟ್ಟವನ ಹೆಸರಿದೆ, ಕೊಟ್ಟ ವಸ್ತು ಅವನದೇ.

ಮಹಾರಾಜ ಬಾಗಿಗೆ ಆ ಮಾತು ಸಲ್ಲುವುದಿಲ್ಲ. ಇಲ್ಲಿ ಬಾಗಿಲು ತೆರೆದದ್ದು ಒಡೆಯನ ಕೈಯಲ್ಲ. ಆದರೆ ತೆರೆದ ಬಾಗಿಲಿನಿಂದ ಒಳಗೆ ಬಂದವರು ನೂರಾರು ಸಾವಿರ ಸಾಮಾನ್ಯ ಜನ. ರಾಜನ ತೋಟವಾಗಿ ಉಳಿದಿದ್ದರೆ ನಾನು, ಅಜ್ಜಾರು ಅಲ್ಲಿ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವೇ? ಇದನ್ನು ನಾನೇ ಕೇಳಿದೆ. ಅಜ್ಜಾರು ಸ್ವಲ್ಪ ಯೋಚಿಸಿದರು.

"ಕೂಡೂದು ತಪ್ಪಲ್ರೀ. ತಿಳ್ಕೊಂಡು ಕೂಡಬೇಕು. ಬಾಡಗಿ ಮನ್ಯಾಗ ಇರಾಂವ ಮೊದಲ ಇದ್ದವ್ರು ಯಾರಂತ ಕೇಳಂಗಿಲ್ಲೇನು?"

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಆದ್ದರಿಂದ ಕೇಳುಗರೇ, ನನ್ನ ಮಾತನ್ನು ತಿದ್ದಿಕೊಳ್ಳುತ್ತಿದ್ದೇನೆ. ಮಹಾರಾಜ ಬಾಗ್ ಬ್ರಿಟಿಷರ ಕೊಡುಗೆ ಅಲ್ಲ. ಭೋಸಲೆ ಅರಸರು ಮಾಡಿಸಿದ ತೋಟ, 1854ರಲ್ಲಿ ಅವರ ರಾಜ್ಯದ ಜೊತೆ ಕಳೆದುಕೊಂಡದ್ದು, ಈಗ ನಮ್ಮೆಲ್ಲರ ಪಾಲಿಗೆ ಬಂದದ್ದು. ಮುಂದಿನ ಕಾರ್ಯಕ್ರಮದಲ್ಲಿ ಇದೇ ಮಾತನ್ನು ಮೈಕಿನಲ್ಲೂ ಹೇಳುತ್ತೇನೆ. ತಪ್ಪು ಹೇಳಿದ ಜಾಗದಲ್ಲೇ ಸರಿ ಹೇಳಬೇಕಲ್ಲವೇ?

ನೀವೂ ಒಂದು ಬೆಳಗ್ಗೆ ಹೋಗಿ ಬನ್ನಿ. ಮೆಟ್ರೋದಲ್ಲಿ ಸೀತಾಬರ್ಡಿಗೆ ಬಂದಿಳಿದರೆ ಅಲ್ಲಿಂದ ನಡೆಯುವಷ್ಟು ದೂರ. ಸೋಮವಾರ ಮಾತ್ರ ಬೇಡ, ಅಜಬ್ ಬಂಗ್ಲಾಕ್ಕೆ ರಜೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಹುಲಿ, ಜಿಂಕೆ ತೋರಿಸಿದ ಮೇಲೆ ಮರದ ನೆರಳಲ್ಲಿ ಕೂರಿಸಿ ಮೂರು ಹೆಸರು ಹೇಳಿ: ಬಂಕಾಬಾಯಿ, ಕಿತ್ತೂರು ಚೆನ್ನಮ್ಮ, ವಿಜ್ಞಾನೇಶ್ವರ. ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಮೊದಲ ಹೆಸರು ಈ ಊರಿನದು, ಉಳಿದ ಎರಡು ಅಜ್ಜ ಅಜ್ಜಿಯ ಊರಿನ ಕಡೆಯವು. ಮೂರೂ ಒಂದೇ ಕಥೆಗೆ ಸೇರಿದವು ಎಂದು ಗೊತ್ತಾದರೆ ಅವರಿಗೆ ಎರಡೂ ಊರು ತಮ್ಮದೇ ಅನ್ನಿಸೀತು.

ಹೋಗಿ ಬಂದವರು ಬರೆದು ತಿಳಿಸಿ. ನಾನು ಮತ್ತೇನಾದರೂ ತಪ್ಪು ಹೇಳಿದ್ದರೆ ಫೋನ್ ಮಾಡಿ. ಅಜ್ಜಾರ ಹಾಗೆ ಸ್ವಲ್ಪ ಗದರಿದರೂ ಪರವಾಗಿಲ್ಲ.

ಮತ್ತೆ ಭೇಟಿಯಾಗೋಣ, ಇದೇ ಕನ್ನಡ ಕಾರ್ಯಕ್ರಮದಲ್ಲಿ. ನಮಸ್ಕಾರ.